ಥೇಮ್ಸ್‌ಮೀಡ್ ಅಥವಾ ಬಾರ್ಕಿಂಗ್ ರಿವರ್‌ಸೈಡ್: ಯಾವ ದಡದಲ್ಲಿ ಮನೆ?

ಪೂರ್ವ ಲಂಡನ್ನಿನಲ್ಲಿ ಥೇಮ್ಸ್ ನದಿಯ ಆಚೀಚೆ ಎದುರುಬದುರಾಗಿರುವ ಬಡಾವಣೆಗಳಿವು.

ದಕ್ಷಿಣ ದಡದ ಥೇಮ್ಸ್‌ಮೀಡ್‌ಗೆ ಮೊದಲ ಕುಟುಂಬ ಬಂದದ್ದು 1968ರಲ್ಲಿ. ನೆಲ ಜೌಗು, 1953ರ ಪ್ರವಾಹ ಯಾರಿಗೂ ಮರೆತಿರಲಿಲ್ಲ. ಹಾಗಾಗಿ ಆರಂಭದ ಕಟ್ಟಡಗಳಲ್ಲಿ ಕೆಳಗೆ ಗ್ಯಾರೇಜು, ವಾಸವೆಲ್ಲ ಮೇಲೆ. ಓಡಾಟಕ್ಕೂ ಎತ್ತರದ ಕಾಲುಸೇತುವೆಗಳು. ಪ್ರವಾಹಕ್ಕೇನೋ ಜಾಣತನ, ಆದರೆ ರಸ್ತೆಮಟ್ಟ ಬಿಕೋ ಎನ್ನತೊಡಗಿತು. ನೀರು ಬಸಿಯಲು ತೋಡಿದ ಕೆರೆ, ಕಾಲುವೆಗಳೇ ಈಗ ಅಲ್ಲಿನ ಸೊಬಗು.

ಉತ್ತರ ದಡದ ಬಾರ್ಕಿಂಗ್ ರಿವರ್‌ಸೈಡ್ ಹಳೆಯ ವಿದ್ಯುತ್ ಸ್ಥಾವರದ ಜಾಗ. 10,000ಕ್ಕೂ ಹೆಚ್ಚು ಮನೆಗಳ ಯೋಜನೆ. ಕಸದ ಚೀಲವನ್ನು ಹೊರಗಿನ ಕೊಳವೆಬಾಯಿಗೆ ಹಾಕಿದರೆ ಗಾಳಿಯೇ ನೆಲದಡಿ ಎಳೆದೊಯ್ಯುತ್ತದೆ. ದೊಡ್ಡ ರಟ್ಟಿನ ಡಬ್ಬ ತುರುಕಿದರೆ ಕೊಳವೆ ಕಟ್ಟುತ್ತದೆ, ಮಡಚಿಯೇ ಹಾಕಬೇಕು. 2022ರಿಂದ ಓವರ್‌ಗ್ರೌಂಡ್ ಎಂಬ ನಗರ ರೈಲು, ದೋಣಿ ಎರಡೂ ಇವೆ.

ಥೇಮ್ಸ್‌ಮೀಡ್‌ನವರು ಆಬಿ ವುಡ್ ನಿಲ್ದಾಣಕ್ಕೆ ಹೋಗಬೇಕು. ಅಲ್ಲಿಂದ ಎಲಿಜಬೆತ್ ಮಾರ್ಗದ ರೈಲಿನಲ್ಲಿ ಕಚೇರಿಗಳ ಕೇಂದ್ರವಾದ ಕ್ಯಾನರಿ ವಾರ್ಫ್‌ಗೆ 11 ನಿಮಿಷ. ನದಿಪಕ್ಕದ ಮನೆಯಾದರೆ ಅದಕ್ಕೂ ಮೊದಲು ಬಸ್ಸು ಹಿಡಿಯಬೇಕು. ನಿಲ್ದಾಣಕ್ಕೆ ನಡೆದೇ ಹೋಗುವಷ್ಟು ಹತ್ತಿರ ಸಿಕ್ಕರೆ ನಮ್ಮ ಮತ ಥೇಮ್ಸ್‌ಮೀಡ್‌ಗೆ, ಇಲ್ಲವಾದರೆ ಬಾರ್ಕಿಂಗ್‌ಗೆ.

ಸಮುದ್ರದಿಂದ ನುಗ್ಗುವ ನೀರನ್ನು ತಡೆಯುವ ಥೇಮ್ಸ್ ಬ್ಯಾರಿಯರ್ ಎಂಬ ಗೇಟುಗಳ ಸಾಲು ನದಿಯಲ್ಲಿ ಈ ಎರಡೂ ಬಡಾವಣೆಗಳಿಗಿಂತ ಮೇಲ್ಹರಿವಿನಲ್ಲಿದೆ, ಹಾಗಾಗಿ ಇವಕ್ಕೆ ಅದರ ರಕ್ಷಣೆಯಿಲ್ಲ. ಇಲ್ಲಿ ಕಾಯುವುದು ದಡದ ಗೋಡೆಗಳು. ಮುಂಗಡ ಕೊಡುವ ಮುನ್ನ ಪ್ರವಾಹ ವಿಮೆ, ವಾರ್ಷಿಕ ನಿರ್ವಹಣಾ ಶುಲ್ಕ ಎರಡನ್ನೂ ಕಾಗದದಲ್ಲೇ ಕೇಳಿ ಪಡೆಯಿರಿ.