ಸಂತೋಷ್ ಟ್ರೋಫಿ 2022-23: ಆಟಕ್ಕೆ ಐದು ಸ್ಟಾರ್, ಜಾಗಕ್ಕೆ ಎರಡು

ಮೊದಲೇ ಹೇಳಿಬಿಡುತ್ತೇನೆ, ನಾನು ಬೆಂಗಳೂರಿನ ಆಸ್ಟಿನ್ ಟೌನ್ ಕಡೆಯವನು. ರಾಜ್ಯ ತಂಡಗಳು ಆಡುವ ಈ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಲ್ಲಿ ಕರ್ನಾಟಕ ಕಪ್ ಗೆದ್ದ ಸೀಸನ್ ಇದು, ನನ್ನಿಂದ ತಕ್ಕಡಿ ಹಿಡಿದ ಹಾಗೆ ವಿಮರ್ಶೆ ಬರುತ್ತದೆ ಅಂತ ನಂಬಬೇಡಿ. ಆದರೂ ಒಟ್ಟಾರೆ ಮೂರೂವರೆ ಸ್ಟಾರ್ ಅಷ್ಟೇ ಕೊಡುತ್ತೇನೆ. ಕಡಿಮೆ ಮಾಡಿದ ಒಂದೂವರೆ ಸ್ಟಾರ್ ಆಟಗಾರರ ತಪ್ಪಿಗಲ್ಲ.

ಫೆಬ್ರವರಿಯಲ್ಲಿ ಭುವನೇಶ್ವರದಲ್ಲಿ ಹನ್ನೆರಡು ತಂಡ, ಎರಡು ಗುಂಪು. ನಮ್ಮ ಗುಂಪಿನಲ್ಲಿ ಪಂಜಾಬ್, ಕೇರಳ, ಗೋವಾ, ಮಹಾರಾಷ್ಟ್ರ, ಒಡಿಶಾ. ಸುಲಭದವರು ಯಾರೂ ಇರಲಿಲ್ಲ. ಹಾಲಿ ಚಾಂಪಿಯನ್ ಕೇರಳವನ್ನು 1-0ರಲ್ಲಿ ಮಣಿಸಿದಾಗಲೇ ಈ ಹುಡುಗರು ಸುಮ್ನೆ ಬಂದವರಲ್ಲ ಅನಿಸಿತು. ಆ ಕಡೆ ಗುಂಪಿನಲ್ಲಿ 32 ಸಲ ಗೆದ್ದಿದ್ದ ಬಂಗಾಳ ಸೆಮಿಫೈನಲ್‌ಗೇ ಬರಲಿಲ್ಲ!

ಇಲ್ಲಿಯವರೆಗೆ ಎಲ್ಲಾ ಚೆನ್ನಾಗಿತ್ತು. ಆಮೇಲೆ ಸೆಮಿಫೈನಲ್, ಫೈನಲ್ ಎರಡನ್ನೂ ಸೌದಿಯ ರಿಯಾದ್‌ಗೆ ಹೊತ್ತುಕೊಂಡು ಹೋದರು. ಸಂತೋಷ್ ಟ್ರೋಫಿ ವಿದೇಶದಲ್ಲಿ ನಡೆದದ್ದು ಅದೇ ಮೊದಲು. ಕಿಂಗ್ ಫಹದ್ ಸ್ಟೇಡಿಯಂ ದೊಡ್ಡದು, ಮೈದಾನ ನುಣುಪು, ವಿಡಿಯೋ ನೋಡಿ ರೆಫರಿ ತೀರ್ಪು ಪರಿಶೀಲಿಸುವ ವಿಎಆರ್ ಕೂಡ ಇತ್ತು. ಹುಡುಗರಿಗೆ ಅಂಥ ಕಡೆ ಆಡುವ ಅವಕಾಶ ಸಿಕ್ಕಿದ್ದು ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ನೋಡುವವರು? ಹಿಂದಿನ ಸಲ ಕೇರಳದ ಮಂಜೇರಿಯಲ್ಲಿ ಕೇರಳ-ಬಂಗಾಳ ಫೈನಲ್‌ಗೆ ಗ್ಯಾಲರಿ ತುಂಬಿ ತುಳುಕಿತ್ತು. ಆ ಗದ್ದಲವೇ ಈ ಟೂರ್ನಿಯ ಜೀವ. ಅದನ್ನು ವಿಮಾನದಲ್ಲಿ ಹಾಕಿ ಕಳಿಸೋಕೆ ಆಗಲ್ಲ, ಅಲ್ವಾ?

ನಾನು ನೋಡಿದ್ದು ಮೊಬೈಲ್‌ನಲ್ಲಿ. ಯಾವ ಆ್ಯಪ್ ಅಂತ ಹೇಳುವುದಿಲ್ಲ. ಬಫರ್ ಆಗುತ್ತಾ ಆಗುತ್ತಾ ಬಂತು. ಕನ್ನಡ ಕಾಮೆಂಟರಿ ಇರಲಿಲ್ಲ, ಕರ್ನಾಟಕ ಫೈನಲ್ ಆಡುವಾಗಲೂ.

ಇನ್ನು ಫುಟ್‌ಬಾಲ್. ಅದಕ್ಕೆ ಐದೂ ಸ್ಟಾರ್. ಸೆಮಿಫೈನಲ್‌ನಲ್ಲಿ ಸೇನಾಪಡೆಗಳ ತಂಡ ಸರ್ವಿಸಸ್ ವಿರುದ್ಧ 3-1 ಗೆಲುವು. ಮಾರ್ಚ್ 4ರ ಫೈನಲ್ ಮೇಘಾಲಯದ ಮೇಲೆ, ಅವರಿಗದು ಮೊದಲ ಫೈನಲ್. ಸೀಟಲ್ಲಿ ಕೂರುವಷ್ಟರಲ್ಲಿ ನಮ್ಮ ಸುನಿಲ್ ಕುಮಾರ್ ಗೋಲು. ಸ್ವಲ್ಪದರಲ್ಲೇ ಮೇಘಾಲಯದ ಬ್ರೋಲಿಂಗ್ಟನ್ ಪೆನಾಲ್ಟಿಯಲ್ಲಿ ಸಮ ಮಾಡಿದ. ಆಮೇಲೆ ನಮ್ಮ ಬೇಕೆ ಓರಾಮ್ 2-1 ಮಾಡಿದ. ವಿರಾಮಕ್ಕೆ ಮುಂಚೆ ರಾಬಿನ್ ಯಾದವ್‌ನ ಫ್ರೀಕಿಕ್ ಗೋಲು, 3-1. ಅದನ್ನು ಎಷ್ಟು ಸಲ ಹಿಂದೆ ಎಳೆದು ನೋಡಿದೆನೋ ನನಗೇ ಗೊತ್ತಿಲ್ಲ. ಆ ಒಂದು ಒದೆತಕ್ಕೇ ಡೇಟಾ ಪ್ಯಾಕ್ ದುಡ್ಡು ವಸೂಲಾಯಿತು. ಕೊನೆಗೆ 3-2.

ನಾವು ಇದಕ್ಕೆ ಮುಂಚೆ ಗೆದ್ದಿದ್ದು 1968-69ರಲ್ಲಿ. ಆಗಿನ್ನೂ ಮೈಸೂರು ತಂಡ. ಐವತ್ತನಾಲ್ಕು ವರ್ಷ! ಕರ್ನಾಟಕ ಅನ್ನುವ ಹೆಸರಲ್ಲಿ ಇದೇ ಮೊದಲ ಕಪ್. ಕೋಚ್ ರವಿ ಬಾಬು ರಾಜು ಅವರಿಗೆ ನಮ್ಮ ಪತ್ರಿಕೆಗಳು ಇನ್ನೂ ಜಾಸ್ತಿ ಜಾಗ ಕೊಡಬೇಕಿತ್ತು ಅಂತ ನನ್ನ ತಕರಾರು. ಕ್ರಿಕೆಟ್ ಆಗಿದ್ದರೆ ಮೆರವಣಿಗೆಯೇ ಆಗುತ್ತಿತ್ತು.

ಹೈಲೈಟ್ಸ್ ಸಾಕು ಅನ್ನುವವರು ಫೈನಲ್‌ನ ಮೊದಲಾರ್ಧವನ್ನಾದರೂ ಪೂರ್ತಿ ನೋಡಿ. ಐದರಲ್ಲಿ ನಾಲ್ಕು ಗೋಲು ಅಲ್ಲೇ ಇವೆ. ಎರಡನೇ ಅರ್ಧದಲ್ಲಿ ಮೇಘಾಲಯದ ಶೀನ್ ಹೊಡೆದ ಗೋಲು ಒಂದೇ, ಉಳಿದದ್ದೆಲ್ಲ ನಮ್ಮವರು ಹಲ್ಲು ಕಚ್ಚಿ ತಡೆದದ್ದು. ಬೆಂಗಳೂರಿನವರಲ್ಲದಿದ್ದರೆ ಅದನ್ನು ಓಡಿಸಿಕೊಂಡು ನೋಡಿದರೂ ನಡೆಯುತ್ತದೆ.