ನಿಕೋಟಿನ್ ಗಮ್ (2 ಮಿ.ಗ್ರಾಂ): ಸಿಗರೇಟ್ ದುಬಾರಿಯಾದಾಗ ಬಿಡಲು ಹೊರಟವರಿಗೊಂದು ಆಸರೆ

ಸಿಗರೇಟಿನ ಬೆಲೆ ಶೇ 10ರಷ್ಟು ಏರಿದರೆ ಭಾರತದಂತಹ ದೇಶಗಳಲ್ಲಿ ಅದರ ಸೇವನೆ ಸುಮಾರು ಶೇ 5ರಷ್ಟು ಇಳಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದರೆ ತೆರಿಗೆಯಿಂದ ದರ ಏರಿತೆಂದು ಸಿಗರೇಟ್ ಬಿಡಲು ನಿರ್ಧರಿಸಿದವರನ್ನು ಮರುದಿನ ಬೆಳಿಗ್ಗೆಯೇ ಕಾಡುವ ಚಡಪಡಿಕೆಗೆ ತೆರಿಗೆಯಲ್ಲಿ ಮದ್ದಿಲ್ಲ. ನನಗೆ ಆ ಹೊತ್ತಿನಲ್ಲಿ ನೆರವಾದದ್ದು, ಸಿಗರೇಟಿನ ಚಟ ಹತ್ತಿಸುವ ನಿಕೋಟಿನ್ನನ್ನೇ ಹೊಗೆಯಿಲ್ಲದೆ ಅಲ್ಪ ಪ್ರಮಾಣದಲ್ಲಿ ಕೊಡುವ, ವೈದ್ಯರ ಚೀಟಿಯಿಲ್ಲದೆಯೇ ಮೆಡಿಕಲ್ ಶಾಪಿನಲ್ಲಿ ಸಿಗುವ ಈ ಗಮ್.

ಇದನ್ನು ಸಾಮಾನ್ಯ ಚ್ಯೂಯಿಂಗ್ ಗಮ್‌ನಂತೆ ಎಡೆಬಿಡದೆ ಅಗಿಯಬಾರದು. ಬಾಯಲ್ಲಿ ಚುರುಕು ಕಾಣಿಸುವವರೆಗೆ ನಿಧಾನವಾಗಿ ಅಗಿದು, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಟ್ಟು, ಚುರುಕು ತಗ್ಗಿದ ಮೇಲೆ ಮತ್ತೆ ಅಗಿಯುತ್ತಾ ಸುಮಾರು ಅರ್ಧ ಗಂಟೆ ಬಳಸಬೇಕು. ಅವಸರದಿಂದ ಅಗಿದರೆ ನಿಕೋಟಿನ್ ಜೊಲ್ಲಿನೊಂದಿಗೆ ಹೊಟ್ಟೆ ಸೇರಿ ಬಿಕ್ಕಳಿಕೆಯೂ ಎದೆಯುರಿಯೂ ಬರುತ್ತವೆ. ಕಾಫಿಯ ಆಮ್ಲೀಯತೆ ನಿಕೋಟಿನ್ ಹೀರಿಕೆಯನ್ನು ತಗ್ಗಿಸುವುದರಿಂದ, ಕಾಫಿ ಕುಡಿದ ಬಳಿಕ ಕನಿಷ್ಠ ಹದಿನೈದು ನಿಮಿಷ ಕಾಯಬೇಕು. ಕಾಫಿಯ ಜೊತೆಗೇ ಸಿಗರೇಟ್ ಹಚ್ಚುವ ರೂಢಿಯಿರುವ ನಮ್ಮಂಥವರಿಗೆ ಅತ್ಯಂತ ಕಠಿಣವಾದ ನಿಯಮವಿದು. ರುಚಿ ತುಸು ಖಾರ, ತುಸು ಕಹಿ. ಸಿಗರೇಟಿನಷ್ಟು ಬೇಗ ತೃಪ್ತಿ ಸಿಗುವುದಿಲ್ಲ, ಆದರೆ ಕೈ ಮತ್ತೆ ಪ್ಯಾಕಿನತ್ತ ಹೋಗದಂತೆ ತಡೆಯುವಷ್ಟು ಬಲ ಇದಕ್ಕಿದೆ.

ಬೆಲೆಯ ಬಗ್ಗೆ ನನ್ನ ತಕರಾರಿದೆ. ಕಿಂಗ್ ಸೈಜ್ ಸಿಗರೇಟ್ ಸೇದುವವರಿಗೆ ಗಮ್ ಅಗ್ಗವೆಂದೇ ಹೇಳಬೇಕು. ಬೀಡಿ ಸೇದುವ ಕೂಲಿಕಾರರಿಗೆ ಮಾತ್ರ ಇದು ಎಟುಕದ ವಸ್ತು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿಯು ಸಿಗರೇಟಿಗೆ ಶೇ 40ರ ದರವನ್ನು ಗೊತ್ತುಪಡಿಸಿ, ಬೀಡಿಯ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ದುಬಾರಿ ಸಿಗರೇಟನ್ನು ಬಿಟ್ಟವರು ಗಮ್ ಕಡೆಗಲ್ಲದೆ ಬೀಡಿಯ ಕಡೆಗೆ ಹೊರಳಲು ಇದಕ್ಕಿಂತ ಸುಲಭದ ದಾರಿ ಬೇಕಿಲ್ಲ. ಬಿಡಿ ಸಿಗರೇಟಿನ ಮಾರಾಟವನ್ನು ನಿಷೇಧಿಸಿ, ಖರೀದಿಯ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿದ ಕರ್ನಾಟಕದ ಕಾನೂನು ಸರಿಯಾದ ಹೆಜ್ಜೆ. ಒಂದೊಂದೇ ಸಿಗರೇಟ್ ಕೊಳ್ಳುವವರಿಗೆ ತೆರಿಗೆಯ ಬಿಸಿ ಒಮ್ಮೆಗೇ ತಟ್ಟುವುದಿಲ್ಲ. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆಗೂ (ಸಿಗರೇಟಿನ ಬದಲು ಇಂಥ ಗಮ್ ಮುಂತಾದವುಗಳಿಂದ ನಿಕೋಟಿನ್ ಕೊಡುವ ಕ್ರಮ) ಸ್ಥಾನ ಸಿಕ್ಕಿರುವಾಗ, ತಂಬಾಕು ತೆರಿಗೆಯ ಒಂದು ಪಾಲಿನಿಂದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದನ್ನು ಉಚಿತವಾಗಿ ಕೊಡಲೇಬೇಕು.

ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಹಚ್ಚುವವರಿಗೆ 2 ಮಿ.ಗ್ರಾಂ ಸಾಲದೆ ಹೋಗಬಹುದು. ಅವರು 4 ಮಿ.ಗ್ರಾಂ ಗಮ್‌ಗಾಗಿ ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಮತ್ತು ಇತ್ತೀಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ಉಳಿದವರಿಗೆ ನಾನು ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಜೊತೆಗೆ ಸಿಗರೇಟ್ ಪ್ಯಾಕಿನ ಮೇಲೆಯೇ ಮುದ್ರಿತವಾಗಿರುವ 1800-11-2356 ಸಹಾಯವಾಣಿಗೂ ಕರೆ ಮಾಡಿ.