ಎರಡು ತಿಂಗಳ ತಾರೆಗೆ ಆರು ವರ್ಷದ ಹುಡುಗ

ಅಮೆರಿಕದ ಬೇಸ್‌ಬಾಲ್ ತಂಡ ತಾನು ಬೆಳೆಸುತ್ತಿರುವ ಹುಡುಗರನ್ನು ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಒಬ್ಬ ತಾರೆಯನ್ನು ತರುವುದು, ಅಂದರೆ ಟ್ರೇಡ್ ಮಾಡುವುದು, ಸರಿಯೇ? ನನ್ನ ಓಟು ಹುಡುಗರನ್ನು ಉಳಿಸಿಕೊಳ್ಳುವ ಕಡೆಗೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಟ್ರೇಡ್ ಮಾಡಲೇಬೇಕು ಅಂತಿದ್ದರೆ ಒಪ್ಪಂದದಲ್ಲಿ ಇನ್ನೂ ಎರಡು-ಮೂರು ಸೀಸನ್ ಉಳಿದಿರುವ ತಾರೆಯನ್ನು ತರಬೇಕು. ಸೀಸನ್ ಮುಗಿದ ಮರುದಿನವೇ ಎದ್ದು ಹೋಗುವ ತಾರೆಗೆ ಅಮೆರಿಕದಲ್ಲಿ ‘ರೆಂಟಲ್’ ಅನ್ನುತ್ತಾರೆ, ಅಂದರೆ ಬಾಡಿಗೆ ಆಟಗಾರ. ಮೂರು ದಾರಿಗಳಲ್ಲಿ ಅತಿ ದುಬಾರಿ ಇದೇ. ಆದರೂ ಪ್ರತಿ ಜುಲೈ ಕೊನೆಯಲ್ಲಿ ಬೇಸ್‌ಬಾಲ್ ತಂಡಗಳು ಸಾಲುಗಟ್ಟಿ ಹೋಗುವುದು ಈ ದಾರಿಯಲ್ಲೇ.

1987ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್‌ಗೆ ಒಬ್ಬ ಪಿಚರ್, ಅಂದರೆ ಚೆಂಡೆಸೆಯುವವ, ಬೇಕಿತ್ತು. ಅಟ್ಲಾಂಟಾದಿಂದ 36 ವರ್ಷದ ಡಾಯ್ಲ್ ಅಲೆಕ್ಸಾಂಡರ್ ಬಂದರು, ಬದಲಿಗೆ 20 ವರ್ಷದ ಜಾನ್ ಸ್ಮೋಲ್ಟ್ಸ್ ಹೋದರು. ಅಲೆಕ್ಸಾಂಡರ್ ಆಡಿದ್ದು 11 ಪಂದ್ಯ. 9 ಗೆಲುವು, ಸೋಲು ಒಂದೂ ಇಲ್ಲ, ಬಿಟ್ಟುಕೊಟ್ಟದ್ದು ಒಂಬತ್ತು ಇನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಸರಾಸರಿ 1.53 ರನ್. ಇದಕ್ಕಿಂತ ಚೆನ್ನಾಗಿ ಎಸೆಯಲು ಯಾರಿಗೂ ಆಗುವುದಿಲ್ಲ. ಟೈಗರ್ಸ್ ತನ್ನ ವಿಭಾಗ ಗೆದ್ದಿತು, ಮುಂದಿನ ಸುತ್ತಿನಲ್ಲಿ ಮಿನೆಸೋಟಾಗೆ 4-1ರಲ್ಲಿ ಸೋತಿತು. ಆ ಸರಣಿಯಲ್ಲಿ ಅಲೆಕ್ಸಾಂಡರ್ ತಾವು ಎಸೆದ ಎರಡೂ ಪಂದ್ಯ ಸೋತರು. 1989ರಲ್ಲಿ 6 ಗೆದ್ದು 18 ಸೋತು ನಿವೃತ್ತರಾದರು. ಸ್ಮೋಲ್ಟ್ಸ್ ಅಟ್ಲಾಂಟಾಗೆ 210 ಗೆಲುವು, ಅದರ ಮೇಲೆ 154 ಸೇವ್ (ಕೊನೆಯಲ್ಲಿ ಇಳಿದು ತಂಡದ ಮುನ್ನಡೆ ಕಾಯ್ದ ಪಂದ್ಯ) ಕೊಡುವ ಹಾದಿ ಹಿಡಿದರು, 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದರು.

ಹಾಗಂತ ಟೈಗರ್ಸ್‌ನವರು ದಡ್ಡರೇನಲ್ಲ. ಆ ವರ್ಷ ಎರಡನೇ ದರ್ಜೆಯ ಮೈನರ್ ಲೀಗ್‌ನಲ್ಲಿ (ಮೇಜರ್ ಲೀಗ್‌ಗೆ ಹುಡುಗರನ್ನು ತಯಾರು ಮಾಡುವ ಕೆಳಗಿನ ಹಂತ) ಸ್ಮೋಲ್ಟ್ಸ್ ಲೆಕ್ಕ 4 ಗೆಲುವು, 10 ಸೋಲು, ಸರಾಸರಿ 5.68. ಕಾಗದದಲ್ಲಿ ಅವರನ್ನು ಕೊಡುವುದು ಸುಲಭವಾಗಿತ್ತು. 1990ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಬ್ಯಾಟರ್ ಜೆಫ್ ಬ್ಯಾಗ್‌ವೆಲ್‌ರನ್ನು ಹ್ಯೂಸ್ಟನ್‌ಗೆ ಕೊಟ್ಟು 37 ವರ್ಷದ ಪಿಚರ್ ಲ್ಯಾರಿ ಆಂಡರ್ಸನ್‌ರನ್ನು ತಂದಾಗಲೂ ಹೀಗೇ ಆಯಿತು. ಮೈನರ್ ಲೀಗ್‌ನಲ್ಲಿ ಆ ಸೀಸನ್ ಪೂರ್ತಿ ಬ್ಯಾಗ್‌ವೆಲ್ ಹೊಡೆದ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಬರೀ 4. ಆದರೆ ಅದೇ ಹಾಳೆಯಲ್ಲಿ .333 ಬ್ಯಾಟಿಂಗ್ ಸರಾಸರಿ ಇತ್ತು, 34 ಡಬಲ್ (ಎರಡನೇ ಬೇಸ್ ತನಕ ಓಡಿಸುವ ಹೊಡೆತ) ಇದ್ದವು. ಹುಡುಗನ ಮೈ ತುಂಬಿದಾಗ ಡಬಲ್‌ಗಳೇ ಗೋಡೆ ದಾಟುತ್ತವೆ. ಕೊನೆಗೆ ಅವರ ಖಾತೆಗೆ ಬಿದ್ದದ್ದು 449 ಹೋಮ್ ರನ್. ಮೂರನೇ ಬೇಸ್‌ನಲ್ಲಿ ವೇಡ್ ಬಾಗ್ಸ್ ಇದ್ದಾರೆ, ಇವನಿಗೆ ಜಾಗ ಎಲ್ಲಿ ಅಂತ ಬಾಸ್ಟನ್ ಅಂದುಕೊಂಡಿತ್ತು. ಹ್ಯೂಸ್ಟನ್ ಸುಮ್ಮನೆ ಮೊದಲ ಬೇಸ್‌ಗೆ ನಿಲ್ಲಿಸಿತು. ಆಂಡರ್ಸನ್ 15 ಪಂದ್ಯದಲ್ಲಿ 22 ಇನಿಂಗ್ಸ್ ಎಸೆದು ಬೇರೆ ತಂಡಕ್ಕೆ ಹೊರಟುಹೋದರು.

ಬಾಡಿಗೆ ದಾರಿಯ ನಿಜವಾದ ಮುಳ್ಳು ಆಟದಲ್ಲಿಲ್ಲ, ಕಾಗದಪತ್ರದಲ್ಲಿದೆ. ಸೀಸನ್ ಪೂರ್ತಿ ನಿಮ್ಮಲ್ಲೇ ಆಡಿದ ತಾರೆಯ ಒಪ್ಪಂದ ಮುಗಿದಾಗ ನೀವು ಅವನ ಮುಂದೆ ‘ಕ್ವಾಲಿಫೈಯಿಂಗ್ ಆಫರ್’ ಇಡಬಹುದು. ಇದು ಒಂದು ವರ್ಷಕ್ಕೆ ಲೀಗ್ ನಿಗದಿ ಮಾಡಿದ ಸಂಬಳ, 2024ರಲ್ಲಿ ಅದು 2.105 ಕೋಟಿ ಡಾಲರ್ ಇತ್ತು. ಅವನು ಬೇಡವೆಂದು ಬೇರೆ ತಂಡಕ್ಕೆ ಸಹಿ ಹಾಕಿದರೆ ನಿಮಗೆ ಪರಿಹಾರವಾಗಿ ಒಂದು ಡ್ರಾಫ್ಟ್ ಆಯ್ಕೆ ಸಿಗುತ್ತದೆ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದೇ ಡ್ರಾಫ್ಟ್). ಆ ಆಯ್ಕೆಯಲ್ಲಿ ಇನ್ನೊಬ್ಬ ಹುಡುಗ ಬರುತ್ತಾನೆ, ಚಕ್ರ ತಿರುಗುತ್ತದೆ.

ಆದರೆ ಸೀಸನ್ ನಡುವೆ ಟ್ರೇಡ್ ಆಗಿ ಬಂದವನಿಗೆ ಈ ಆಫರ್ ಕೊಡುವಂತಿಲ್ಲ. ಜುಲೈ 31ಕ್ಕೆ ತಂದ ತಾರೆ ನವೆಂಬರ್‌ನಲ್ಲಿ ಹೋದರೆ ಕೈಗೆ ಬರುವುದು ಸೊನ್ನೆ. ಹಾಗಾಗಿ ಬೆಲೆ ಕಟ್ಟುವಾಗ ಕೊಟ್ಟ ಹುಡುಗನ ಜೊತೆಗೆ, ಎಂದೂ ಸಿಗದ ಆ ಆಯ್ಕೆಯನ್ನೂ ನಷ್ಟದ ಕಡೆ ಬರೆದುಕೊಳ್ಳಬೇಕು. ಬಹಳ ತಂಡಗಳು ಈ ಎರಡನೇ ಸಾಲು ಬರೆಯುವುದೇ ಇಲ್ಲ.

ದಿನಗಳ ಲೆಕ್ಕವೂ ಇದೆ. ಜುಲೈ ಕೊನೆಯ ಟ್ರೇಡ್ ಗಡುವಿನ ನಂತರ ಉಳಿಯುವುದು ಸುಮಾರು ಎರಡು ತಿಂಗಳ ಆಟ. ಸ್ಟಾರ್ಟಿಂಗ್ ಪಿಚರ್ (ಪಂದ್ಯ ಶುರು ಮಾಡುವ ಪಿಚರ್) ಐದು ದಿನಕ್ಕೊಮ್ಮೆ ಎಸೆಯುತ್ತಾನೆ, ಹಾಗಾಗಿ ಸಿಗುವುದು ಹತ್ತೋ ಹನ್ನೊಂದೋ ಪಂದ್ಯ. ಹುಡುಗನ ಕಡೆ ನೋಡಿ: ಮೇಜರ್ ಲೀಗ್‌ಗೆ ಬಂದ ಮೇಲೆ ಆರು ವರ್ಷದ ಸೇವೆ ಮುಗಿಯುವ ತನಕ ಅವನು ನಿಮ್ಮವನೇ. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ, 2025ರಲ್ಲಿ 7.6 ಲಕ್ಷ ಡಾಲರ್. ಆಮೇಲೆ ಮೂರು ವರ್ಷ ಆರ್ಬಿಟ್ರೇಷನ್, ಅಂದರೆ ಒಪ್ಪಿಗೆ ಆಗದಿದ್ದರೆ ಸಂಬಳವನ್ನು ಮಧ್ಯಸ್ಥರು ತೀರ್ಮಾನಿಸುವ ವ್ಯವಸ್ಥೆ, ಅಲ್ಲಿ ಸಂಬಳ ಏರುತ್ತದೆ, ಆದರೂ ಮಾರುಕಟ್ಟೆ ದರ ಮುಟ್ಟುವುದಿಲ್ಲ.

ಬಾಡಿಗೆ ಸಾರ್ಥಕವಾದದ್ದೇ ಇಲ್ಲವೇ? ಇದೆ. 2016ರಲ್ಲಿ ಶಿಕಾಗೊ ಕಬ್ಸ್ ತಂಡ ಗ್ಲೇಬರ್ ಟೊರೆಸ್ ಸೇರಿ ನಾಲ್ವರನ್ನು ಯಾಂಕೀಸ್‌ಗೆ ಕೊಟ್ಟು ಪಿಚರ್ ಆರೋಲ್ಡಿಸ್ ಚಾಪ್‌ಮನ್‌ರನ್ನು ತಂದಿತು, 1908ರ ನಂತರ ಮೊದಲ ಬಾರಿಗೆ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. 108 ವರ್ಷ ಕಾದವರಿಗೆ ನಾನು ಲೆಕ್ಕ ಹೇಳಿಕೊಡಲಾರೆ. ಆದರೂ ಬಾಡಿಗೆ ತೋಳನ್ನು ಹೇಗೆ ದುಡಿಸುತ್ತಾರೆ ನೋಡಿ. ಆ ಸರಣಿಯ ಐದನೇ ಪಂದ್ಯದಲ್ಲಿ ಚಾಪ್‌ಮನ್‌ರಿಂದ ಎಂಟು ಔಟ್ ತೆಗೆಸಿದರು, ಆರನೆಯದರಲ್ಲಿ ತಂಡ ಭಾರಿ ಮುಂದಿದ್ದರೂ ಇಳಿಸಿದರು. ಏಳನೆಯದರ ಎಂಟನೇ ಇನಿಂಗ್ಸ್‌ನಲ್ಲಿ ಆ ದಣಿದ ತೋಳಿಗೆ ರಾಜೈ ಡೇವಿಸ್ ಹೋಮ್ ರನ್ ಹೊಡೆದು 6-6 ಮಾಡಿದರು. ಹತ್ತನೇ ಇನಿಂಗ್ಸ್‌ನಲ್ಲಿ ಕಬ್ಸ್ 8-7ರಿಂದ ಬಚಾವಾಯಿತು. ಅದೇ ಡಿಸೆಂಬರ್‌ನಲ್ಲಿ ಚಾಪ್‌ಮನ್ ಐದು ವರ್ಷಕ್ಕೆ 8.6 ಕೋಟಿ ಡಾಲರ್‌ಗೆ ಮತ್ತೆ ಯಾಂಕೀಸ್ ಸೇರಿದರು. ತಾರೆಯೂ ಅವರದೇ, ಹುಡುಗನೂ ಅವರದೇ! ಟೊರೆಸ್ 2019ರಲ್ಲಿ 38 ಹೋಮ್ ರನ್ ಹೊಡೆದರು.

ಒಪ್ಪಂದ ಇನ್ನೂ ಉಳಿದಿರುವ ತಾರೆಯನ್ನು ತರುವ ಎರಡನೇ ದಾರಿಗೆ ಒಳ್ಳೆಯ ಮಾದರಿ ಪಿಚರ್ ಕ್ರಿಸ್ ಸೇಲ್. 2016ರ ಡಿಸೆಂಬರ್‌ನಲ್ಲಿ ಬಾಸ್ಟನ್ ಅವರನ್ನು ತಂದಾಗ ಒಪ್ಪಂದದಲ್ಲಿ ಮೂರು ಸೀಸನ್ ಬಾಕಿ ಇತ್ತು, ಅದೂ ಮಾರುಕಟ್ಟೆಗಿಂತ ಬಹಳ ಕಡಿಮೆ ಸಂಬಳಕ್ಕೆ. ಕೊಟ್ಟದ್ದು ಯೋನ್ ಮೊಂಕಾಡಾ, ಮೈಕೆಲ್ ಕೋಪೆಕ್ ಮತ್ತಿಬ್ಬರು. ಮೊಂಕಾಡಾ ಮೇಲೆ ಬಾಸ್ಟನ್ ಬೋನಸ್ ಮತ್ತು ದಂಡ ಸೇರಿ 6.3 ಕೋಟಿ ಡಾಲರ್ ಸುರಿದಿತ್ತು. ಅವರು ನಿಜವಾಗಿ ಮಿಂಚಿದ್ದು 2019ರ ಒಂದು ಸೀಸನ್. 2018ರ ವರ್ಲ್ಡ್ ಸೀರೀಸ್‌ನ ಕೊನೆಯ ಔಟ್ ತೆಗೆದದ್ದು ಸೇಲ್. ನಂತರ ಅವರ ಒಪ್ಪಂದ ವಿಸ್ತರಿಸಿ ಬಾಸ್ಟನ್ ಕೈ ಸುಟ್ಟುಕೊಂಡಿತು, ಅದು ಟ್ರೇಡ್‌ನ ತಪ್ಪಲ್ಲ.

ವರ್ಷ ಉಳಿದಿದ್ದರೆ ಮತ್ತೆ ಮಾರಲೂ ಬರುತ್ತದೆ. ಪಾಡ್ರೆಸ್ 2022ರಲ್ಲಿ ಹ್ವಾನ್ ಸೋಟೊರನ್ನು ತಂದು 2023ರ ಡಿಸೆಂಬರ್‌ನಲ್ಲಿ ಯಾಂಕೀಸ್‌ಗೆ ದಾಟಿಸಿತು. ಬಂದವರಲ್ಲಿ ಮೈಕೆಲ್ ಕಿಂಗ್ ಉಳಿದರು, ಡ್ರೂ ಥಾರ್ಪ್ ಕೆಲವೇ ತಿಂಗಳಲ್ಲಿ ಡಿಲನ್ ಸೀಸ್‌ರನ್ನು ತರಲು ಬಳಕೆಯಾದರು.

ಹುಡುಗರನ್ನು ಉಳಿಸಿಕೊಳ್ಳುವುದಕ್ಕೂ ಖರ್ಚಿದೆ, ಲೆಕ್ಕ ಬೇಕು. 172 ದಿನ ಮೇಜರ್ ಲೀಗ್‌ನಲ್ಲಿದ್ದರೆ ಒಂದು ವರ್ಷದ ಸೇವೆ. 2015ರಲ್ಲಿ ಕಬ್ಸ್ ಕ್ರಿಸ್ ಬ್ರ್ಯಾಂಟ್‌ರನ್ನು ಕರೆದದ್ದು ಏಪ್ರಿಲ್ 17ಕ್ಕೆ, ಆದದ್ದು 171 ದಿನ. ಆ ಒಂದು ದಿನದಿಂದ ಅವರ ಮೇಲಿನ ತಂಡದ ಹಕ್ಕು 2020ರ ಬದಲು 2021ರ ಕೊನೆಯ ತನಕ ಉಳಿಯಿತು. ದೂರು ಕೊಟ್ಟರು, ಸೋತರು. ಈಗ ವರ್ಷದ ಹೊಸ ಆಟಗಾರ ಪ್ರಶಸ್ತಿಯಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ಪೂರ್ತಿ ವರ್ಷದ ಸೇವೆ ಸಿಗುತ್ತದೆ, ಹಾಗಾಗಿ ಈ ಆಟ ಮೊದಲಿನಷ್ಟು ನಡೆಯುವುದಿಲ್ಲ. ಇನ್ನೊಂದು ರೂಲ್ 5 ಡ್ರಾಫ್ಟ್: 18 ಅಥವಾ ಅದಕ್ಕೂ ಚಿಕ್ಕ ವಯಸ್ಸಿನಲ್ಲಿ ಸಹಿ ಹಾಕಿದವನನ್ನು ಐದು ಸೀಸನ್‌ನೊಳಗೆ, ದೊಡ್ಡವನನ್ನು ನಾಲ್ಕರೊಳಗೆ ತಂಡದ 40 ಜನರ ಮುಖ್ಯ ಪಟ್ಟಿಗೆ ಸೇರಿಸದಿದ್ದರೆ ಬೇರೆ ತಂಡ ಎತ್ತಿಕೊಳ್ಳಬಹುದು. ಕೊಡಬೇಕಾದದ್ದು ಈ ಗಡುವಿನ ಅಂಚಿನಲ್ಲಿ ಪಟ್ಟಿಯೊಳಗೆ ಜಾಗ ಸಿಗದೆ ನಿಂತವರನ್ನು.

ಬ್ಯಾಸ್ಕೆಟ್‌ಬಾಲ್‌ನಲ್ಲಿ ನನ್ನ ಮಾತು ಸ್ವಲ್ಪ ಸಡಿಲ. ಅಂಗಳದಲ್ಲಿ ಐದೇ ಜನ, ತಾರೆ 48 ನಿಮಿಷದಲ್ಲಿ 36 ಆಡುತ್ತಾನೆ, ಒಬ್ಬನಿಂದಲೇ ತಂಡ ಬದಲಾಗುತ್ತದೆ. ಟೊರಾಂಟೊ ಒಂದೇ ವರ್ಷಕ್ಕೆ ಕವಾಯ್ ಲೆನರ್ಡ್‌ರನ್ನು ತಂದು 2019ರಲ್ಲಿ ಪ್ರಶಸ್ತಿ ಗೆದ್ದಿತು. ಗಮನಿಸಿ, ಪ್ಯಾಸ್ಕಲ್ ಸಿಯಾಕಮ್‌ರಂಥ ಹುಡುಗರನ್ನು ಕೊಡಲಿಲ್ಲ. ಅದೇ ವರ್ಷ ಕ್ಲಿಪ್ಪರ್ಸ್ ಪಾಲ್ ಜಾರ್ಜ್‌ಗಾಗಿ ಒಂದೇ ಸೀಸನ್ ಆಡಿದ್ದ ಶೇ ಗಿಲ್ಜಸ್-ಅಲೆಕ್ಸಾಂಡರ್, ಐದು ಮೊದಲ ಸುತ್ತಿನ ಆಯ್ಕೆ ಎಲ್ಲಾ ಒಕ್ಲಹೋಮಾ ಸಿಟಿಗೆ ಕೊಟ್ಟಿತು. ಜಾರ್ಜ್ 2024ರಲ್ಲಿ ಹೊರಟುಹೋದರು. 2025ರಲ್ಲಿ ಒಕ್ಲಹೋಮಾ ಸಿಟಿ ಚಾಂಪಿಯನ್, ಗಿಲ್ಜಸ್-ಅಲೆಕ್ಸಾಂಡರ್ ಎಂವಿಪಿ (ಅತ್ಯಂತ ಬೆಲೆಬಾಳುವ ಆಟಗಾರ), ಜೊತೆಗೆ ಆಡಿದ ಜೇಲನ್ ವಿಲಿಯಮ್ಸ್ ಬಂದದ್ದೂ ಕ್ಲಿಪ್ಪರ್ಸ್ ಕೊಟ್ಟ ಆಯ್ಕೆಯಿಂದ.

ಐಪಿಎಲ್‌ಗೆ ಈ ಲೆಕ್ಕ ಒಗ್ಗುವುದಿಲ್ಲ. ಮೆಗಾ ಹರಾಜು ಬಂದಾಗ ಬೆಳೆಸಿದವರಲ್ಲಿ ಬಹುಪಾಲು ಕೈಬಿಡಬೇಕು.

ಸಾಲ ಮಾಡಿ ಹಬ್ಬ ಮಾಡುವ ಜಾಯಮಾನ ನನ್ನದಲ್ಲ, ಹಾಗಾಗಿ ನನ್ನ ತೀರ್ಪು ಕೈ ಬಿಗಿ ಇರುವ ತಂಡಗಳಿಗೆ. ಕಳೆದುಕೊಂಡ ಹುಡುಗನ ಜಾಗಕ್ಕೆ ದುಡ್ಡು ಕೊಟ್ಟು ಇನ್ನೊಬ್ಬನನ್ನು ತರಬಲ್ಲ ಯಾಂಕೀಸ್‌ನಂಥವರು ವರ್ಷಕ್ಕೊಂದು ಬಾಡಿಗೆ ತಂದರೂ ಬದುಕುತ್ತಾರೆ. ಪಿಟ್ಸ್‌ಬರ್ಗ್ ಬದುಕುವುದಿಲ್ಲ. 2018ರಲ್ಲಿ ಅದು ಟ್ಯಾಂಪಾ ಬೇಯಿಂದ ಪಿಚರ್ ಕ್ರಿಸ್ ಆರ್ಚರ್‌ರನ್ನು ತಂದಾಗ ಒಪ್ಪಂದದಲ್ಲಿ ಮೂರು ವರ್ಷವಿತ್ತು, ಕಾಗದದಲ್ಲಿ ಎಲ್ಲಾ ಸರಿ. ಆದರೆ ಆರ್ಚರ್ ಸರಾಸರಿ ಆಗಲೇ ಮೂರನೇ ಸೀಸನ್ ನಾಲ್ಕರ ಮೇಲೆ ನಡೆಯುತ್ತಿತ್ತು. ತಾರೆ ಅನ್ನಿಸಿಕೊಂಡಿದ್ದು ಅದಕ್ಕೂ ಹಿಂದೆ.

ಕೊನೆಗೆ, ಮಾತುಕತೆಯಲ್ಲಿ ಬರುವ ಕೊನೆಯ ಹೆಸರಿನ ಮೇಲೆ ಕಣ್ಣಿಡಿ. ಆರ್ಚರ್ ಟ್ರೇಡ್‌ನಲ್ಲಿ ಪಿಟ್ಸ್‌ಬರ್ಗ್ ಕೊಟ್ಟ ಗ್ಲಾಸ್‌ನೌ, ಮೆಡೋಸ್ ಹೆಸರು ಮೊದಲೇ ಹೊರಬಿತ್ತು. ‘ಇನ್ನೊಬ್ಬನ ಹೆಸರು ಆಮೇಲೆ’ ಎಂದು ಬಿಟ್ಟ ಜಾಗಕ್ಕೆ ಎರಡು ವಾರದಲ್ಲಿ ಟ್ಯಾಂಪಾ ಬೇ ಬರೆಸಿಕೊಂಡದ್ದು ಶೇನ್ ಬಾಝ್ ಹೆಸರನ್ನು, ಅವರು ಹಿಂದಿನ ವರ್ಷವಷ್ಟೇ ಮೊದಲ ಸುತ್ತಿನಲ್ಲಿ ಆಯ್ಕೆಯಾದವರು. 2016ರಲ್ಲಿ ವೈಟ್ ಸಾಕ್ಸ್ ಜೇಮ್ಸ್ ಶೀಲ್ಡ್ಸ್‌ರನ್ನು ತರುವಾಗ ಎರಿಕ್ ಜಾನ್ಸನ್ ಜೊತೆ ಸೇರಿಸಿದ್ದು ವೃತ್ತಿಪರ ಪಂದ್ಯ ಒಂದನ್ನೂ ಆಡದ 17 ವರ್ಷದ ಹುಡುಗನನ್ನು. ಮುಂದೆ ತಾರೆಯಾದ ಅವನ ಹೆಸರು ಫರ್ನಾಂಡೊ ಟಾಟಿಸ್ ಜೂನಿಯರ್.